ಹಗ್ಗ ಕಡಿದವರು ಯಾರು?

"ಮಾಷ್ಟ್ರೇ, ಎಲ್ಲಾ ದೇವರು ಮೊದಲೇ ತೀರ್ಮಾನ ಮಾಡಿದ್ದರೆ ನಾನು ಪರೀಕ್ಷೆಗೆ ಓದುವುದು ಯಾಕೆ?"

ಸಂಡೆ ಸ್ಕೂಲಿನಲ್ಲಿ ಹತ್ತನೇ ಕ್ಲಾಸಿನ ಹುಡುಗಿ ಹೀಗೆ ಕೇಳಿದಳು. ನಾನು ಇತಿಹಾಸದಿಂದ ಶುರು ಮಾಡಿದೆ. ದೇವರ ಕೃಪೆಯಿಲ್ಲದೆ ಮನುಷ್ಯನಿಂದ ಒಳ್ಳೆಯದಾಗದು ಎಂದ ಐದನೇ ಶತಮಾನದ ಅಗಸ್ಟೀನ್, ಮನುಷ್ಯ ತಾನೇ ಒಳ್ಳೆಯದನ್ನು ಆರಿಸಬಲ್ಲ ಎಂದ ಪೆಲೇಜಿಯಸ್. ಮನುಷ್ಯನ ಇಚ್ಛೆ ಸ್ವತಂತ್ರ ಎಂದು 1524ರಲ್ಲಿ ಬರೆದ ಎರಾಸ್ಮಸ್, ಇಲ್ಲ, ಅದು ಪಾಪಕ್ಕೆ ಕಟ್ಟುಬಿದ್ದಿದೆ ಎಂದು ಮರುವರ್ಷ ಉತ್ತರ ಕೊಟ್ಟ ಲೂಥರ್. ಇದೇ ಜಗಳ ತೀರಿಸಲು ನೆದರ್ಲೆಂಡ್ಸಿನಲ್ಲಿ ಸೇರಿದ 1618ರ ಡೋರ್ಟ್ ಸಭೆಗೆ ಬರುವಷ್ಟರಲ್ಲಿ ಮಕ್ಕಳು ಕಿಟಕಿಯಾಚೆ ನೋಡುತ್ತಿದ್ದರು.

ಮನೆಗೆ ಬಂದಾಗ ನನ್ನದೇ ತೋಟ ನೆನಪಾಯಿತು. ಬದಿಯಡ್ಕದ ಕಡೆ ನಮಗೆ ಸ್ವಲ್ಪ ಅಡಿಕೆ ಇದೆ. ಕೊಳೆರೋಗ ಬಾರದಂತೆ ಮಳೆ ಹಿಡಿಯುವ ಮೊದಲು ಒಂದು ಸಲ ಮದ್ದು ಬಿಡಬೇಕು, 40-45 ದಿನ ಬಿಟ್ಟು ಇನ್ನೊಂದು ಸಲ. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ಒಂದು ವರ್ಷ ಮರ ಹತ್ತುವವರು ಸಿಗಲಿಲ್ಲ. ನಾನೂ ಜಾಸ್ತಿ ಹುಡುಕಲಿಲ್ಲ. "ದೇವರ ಚಿತ್ತ ಇದ್ದರೆ ಉಳಿಯುತ್ತದೆ" ಎಂದು ಕೂತೆ. ಆ ಮಳೆಗೆ ಎಳೆ ಅಡಿಕೆ ಬುಡದ ತುಂಬ ಉದುರಿತು. ಅಪ್ಪ ಹೆಕ್ಕುತ್ತಾ ಒಂದೇ ಮಾತು ಹೇಳಿದರು: "ಮೈಲುತುತ್ತು ಉಂಟು ಮಾಡಿದ್ದೂ ದೇವರೇ ಅಲ್ವಾ ಮಗಾ?" ನಾನು ನಂಬಿಕೆ ಎಂದು ಕರೆದದ್ದು ಬರೀ ಸೋಮಾರಿತನವಾಗಿತ್ತು.

ಮುಂದಿನ ಭಾನುವಾರ ಮೊದಲು ತೋಟದ ಕಥೆ ಹೇಳಿದೆ. ಆಮೇಲೆ ಬೈಬಲಿನ ಅಪೊಸ್ತಲರ ಕೃತ್ಯಗಳು ಪುಸ್ತಕದ 27ನೇ ಅಧ್ಯಾಯ ತೆರೆಸಿದೆ. ಯೇಸುವಿನ ಸುವಾರ್ತೆ ಸಾರುತ್ತಿದ್ದ ಪೌಲನನ್ನು ಕೈದಿಯಾಗಿ ರೋಮಿಗೆ ಒಯ್ಯುವ ಹಡಗು ಬಿರುಗಾಳಿಗೆ ಸಿಕ್ಕಿದೆ. ಹಡಗು ಹೋದರೂ ಒಬ್ಬರ ಪ್ರಾಣವೂ ಹೋಗುವುದಿಲ್ಲ ಎಂದು ದೇವದೂತನಿಂದ ಅವನಿಗೆ ಮಾತು ಸಿಕ್ಕಿದೆ. ಅಲ್ಲಿ ಪುಸ್ತಕ ಮುಚ್ಚಿಸಿ ಕೇಳಿದೆ, "ನೀವು ಆ ಹಡಗಿನಲ್ಲಿದ್ದರೆ ಈಗ ಏನು ಮಾಡುತ್ತೀರಿ?" ಹೆಚ್ಚಿನವರು, "ಸುಮ್ನೆ ಕೂರುತ್ತೇವೆ" ಎಂದರು.

ಮತ್ತೆ ತೆರೆದೆವು. ನಾವಿಕರು ಗುಂಡು ಇಳಿಸಿ ಆಳ ಅಳೆಯುತ್ತಾರೆ. ಇಪ್ಪತ್ತು ಮಾರು, ಆಮೇಲೆ ಹದಿನೈದು. ಹಿಂಭಾಗದಿಂದ ನಾಲ್ಕು ಲಂಗರು ಬಿಡುತ್ತಾರೆ. ಅಷ್ಟರಲ್ಲಿ ಅವರೇ ಸಣ್ಣ ದೋಣಿ ಇಳಿಸಿ ಓಡಲು ನೋಡುತ್ತಾರೆ. ಪೌಲ ಶತಾಧಿಪತಿಗೂ ಸೈನಿಕರಿಗೂ ಹೇಳುತ್ತಾನೆ: ಇವರು ಹಡಗಿನಲ್ಲಿ ಉಳಿಯದಿದ್ದರೆ ನೀವು ಬದುಕುವುದಿಲ್ಲ. ಯಾರೂ ಸಾಯುವುದಿಲ್ಲ ಎಂದ ಅದೇ ಬಾಯಿ! ಸೈನಿಕರು ದೋಣಿಯ ಹಗ್ಗ ಕಡಿಯುತ್ತಾರೆ. ಕೊನೆಗೆ 276 ಜನರೂ ಈಜಿ, ಹಲಗೆ ಹಿಡಿದು ಮಾಲ್ಟಾದ ದಡ ಸೇರುತ್ತಾರೆ.

"ಕಾಪಾಡಿದ್ದು ಯಾರು?" ಎಂದೆ. ಅರ್ಧ ಮಕ್ಕಳು ದೇವರು ಎಂದರು, ಅರ್ಧ ಸೈನಿಕರು ಎಂದರು. ಕುಂಬಳೆ ಕಡಲ ಬದಿಯ ಹುಡುಗನೊಬ್ಬ, "ಅವರು ಹಗ್ಗ ಕಡಿಯದಿದ್ದರೆ ದೇವರ ಮಾತು ಸುಳ್ಳಾಗುತ್ತಿತ್ತಾ?" ಎಂದ. ಒಳ್ಳೆಯ ಪ್ರಶ್ನೆ. ನಾನು ನಂಬಿದ್ದನ್ನು ಹೇಳಿದೆ: ಆ ಮಾತು ಕೊಟ್ಟ ದೇವರಿಗೆ ಹಗ್ಗ ಕಡಿಯುವ ಕತ್ತಿಯೂ ಗೊತ್ತಿತ್ತು. ಆದರೆ ಸೈನಿಕರ ಕೈಯನ್ನು ಯಾರೂ ಹಿಡಿದು ತಿರುಗಿಸಲಿಲ್ಲ. ಪೌಲನ ಮಾತು ನಂಬಿ ಅವರಾಗಿಯೇ ಕಡಿದರು. ಇದನ್ನು ಬೇರೆ ರೀತಿ ಬಿಡಿಸುವ ವಿಶ್ವಾಸಿಗಳೂ ಇದ್ದಾರೆ, ಅದನ್ನೂ ಮಕ್ಕಳಿಂದ ಮುಚ್ಚಿಡಲಿಲ್ಲ.

ಒಂದು ಮಾತು. ಸಾವಾದ ಮನೆಗೆ ಹೋದಾಗ ನಾನು ಈ ಪಾಠ ತೆಗೆಯುವುದಿಲ್ಲ. ಅಲ್ಲಿ ಕೂತು ಅಳುವುದಷ್ಟೇ ನನ್ನ ಕೆಲಸ.

ಆ ಹುಡುಗಿ ಹೊರಡುವಾಗ ಬಾಗಿಲಲ್ಲಿ ನಿಂತಳು. "ಹಾಗಾದರೆ ಯೇಸುವನ್ನು ಹಿಡಿದುಕೊಟ್ಟ ಯೂದನ ಕಥೆ ಏನು ಮಾಷ್ಟ್ರೇ?" ಅದೇ ಅಪೊಸ್ತಲರ ಕೃತ್ಯಗಳು ಪುಸ್ತಕದ ಎರಡನೇ ಅಧ್ಯಾಯದ 23ನೇ ವಚನ ಗುರುತು ಮಾಡಿ ಕೊಟ್ಟೆ. ಯೇಸು ದೇವರ ನಿರ್ಣಯದಂತೆ ಒಪ್ಪಿಸಲ್ಪಟ್ಟ ಎಂದೂ ನೀವು ಕೊಂದಿರಿ ಎಂದೂ ಯೇಸುವಿನ ಶಿಷ್ಯ ಪೇತ್ರ ಅಲ್ಲಿ ಜನರಿಗೆ ಒಂದೇ ಉಸಿರಿಗೆ ಹೇಳುತ್ತಾನೆ. "ಇದನ್ನು ಓದಿಕೊಂಡು ಬಾ, ನಾನೂ ಓದುತ್ತೇನೆ" ಎಂದೆ.