ಬೋರ್ ಬತ್ತಿದಾಗ ಅಪಾರ್ಟ್‌ಮೆಂಟ್ ಖರ್ಚು ಹಿಡಿತಕ್ಕೆ ತರೋದು ಹೇಗೆ

60 ಮನೆ ಅಪಾರ್ಟ್‌ಮೆಂಟ್ ಅಂದ್ರೆ ಒಂದು ಸಣ್ಣ ಊರೇ ರೀ. ನೀರು, ಕರೆಂಟು, ಕಸ, ಚರಂಡಿ, ಕಾವಲು, ಬಾಕಿ ಕಟ್ಟದೇ ಓಡಾಡೋ ನಾಲ್ಕು ಜನ, ಎಲ್ಲಾ ಇದೆ, ಮೇಲಿಂದ ಗ್ರಾಂಟ್ ಬರಲ್ಲ ಅನ್ನೋದೊಂದೇ ವ್ಯತ್ಯಾಸ. 2023ರಲ್ಲಿ ಮುಂಗಾರು ಕೈ ಕೊಟ್ಟು, ಮರುವರ್ಷದ ಬೇಸಿಗೆಲಿ ಬೆಂಗಳೂರಿನ ಹೊರಮಾವು ಕಡೆ ನಮ್ ಬೋರ್ ನಿಂತೋದಾಗ ನಾನು ಅಸೋಸಿಯೇಷನ್ ಖಜಾಂಚಿ, ಬೇರೆ ಯಾರೂ ಒಪ್ಪಲಿಲ್ಲ ಅಂತ. ಮೊದಲನೇ ಮೀಟಿಂಗಲ್ಲೇ ಬಂದ ಐಡಿಯಾ ಏನು ಗೊತ್ತಾ, ಒಬ್ಬ ವಾಚ್‌ಮನ್‌ನ ತೆಗೆಯೋಣ ಅಂತ. ಕಣ್ಣಿಗೆ ಕಾಣೋ ಖರ್ಚಿಗೇ ಎಲ್ರೂ ಮೊದ್ಲು ಕತ್ತರಿ ಹಾಕೋದು. ಆತುರ ಬೇಡ, ಮೊದ್ಲು ನೀರು ಎಷ್ಟು ಬರ್ತಿದೆ, ಎಷ್ಟು ಹೋಗ್ತಿದೆ ಅಂತ ಅಳತೆ ಮಾಡಿ.

ಅದಕ್ಕೆ ಗುರುತು ಹಾಕಿದ ಒಂದು ಕೋಲು ಸಾಕು. ಸಂಪಿನ ಉದ್ದ ಅಗಲ ಮೀಟರಲ್ಲಿ ಗುಣಿಸಿ. ನಮ್ದು 5ಕ್ಕೆ 4, ಅಂದ್ರೆ 20 ಚದರ ಮೀಟರ್, ನೀರು 1 ಸೆಂ.ಮೀ ಇಳಿದ್ರೆ 200 ಲೀಟರ್ ಹೋಯ್ತು ಅಂತ ಲೆಕ್ಕ. ಟ್ಯಾಂಕರ್ ಬಂದಾಗ ಪಂಪ್ ಆಫ್ ಮಾಡಿ, ಸುರಿಯೋಕ್ಕೆ ಮುಂಚೆ ಒಂದ್ಸಲ, ಸುರಿದ್ಮೇಲೆ ಒಂದ್ಸಲ ಕೋಲು ಇಳಿಸಿ. 12,000 ಲೀಟರ್ ಅಂದ್ರೆ 60 ಸೆಂ.ಮೀ ಏರಬೇಕು, ನಮಗೆ ಏರ್ತಿದ್ದಿದ್ದು 48! ಅಷ್ಟು ದಿನ ಪೂರ್ತಿ ದುಡ್ಡು ಎಣಿಸಿ ಕೊಟ್ಟಿದ್ವಿ. ಆ ವರ್ಷ ಜಿಲ್ಲಾಡಳಿತ 5 ಕಿ.ಮೀ ಒಳಗೆ 12,000 ಲೀಟರ್ ಟ್ಯಾಂಕರಿಗೆ 1,000 ರೂಪಾಯಿ ಅಂತ ರೇಟ್ ಫಿಕ್ಸ್ ಮಾಡಿತ್ತು, ಆದ್ರೆ ಅಳತೆಲೇ ಹೊಡೆದ್ರೆ ರೇಟ್ ಎಷ್ಟಿದ್ರೇನು. ಜಗಳ ಆಡ್ಲಿಲ್ಲ, ಡ್ರೈವರ್ ಎದುರಿಗೇ ಕೋಲು ಇಳಿಸೋಕೆ ಶುರು ಮಾಡಿದ್ವಿ, ನಾಲ್ಕೇ ದಿನಕ್ಕೆ 58 ಮುಟ್ತು.

ಆಮೇಲೆ ಸೋರಿಕೆ. ರಾತ್ರಿ 12 ಗಂಟೆಗೆ ಪಂಪು ಬೋರು ಎಲ್ಲಾ ನಿಲ್ಸಿ ಸಂಪಲ್ಲೂ ಮೇಲಿನ ಟ್ಯಾಂಕಲ್ಲೂ ಮಟ್ಟ ಬರ್ಕೊಳ್ಳಿ, ಬೆಳಿಗ್ಗೆ ನಾಲ್ಕಕ್ಕೆ ಮತ್ತೆ ನೋಡಿ. ಸಂಪು ಇಳಿದಿದ್ರೆ ಗೋಡೆಲೋ ನೆಲದಲ್ಲೋ ಬಿರುಕಿದೆ, ಮೇಲಿನ ಟ್ಯಾಂಕ್ ತುಂಬಾ ಇಳಿದಿದ್ರೆ ಯಾರ್ದೋ ಮನೆ ಫ್ಲಶ್ಶೋ ನಲ್ಲಿನೋ ಸೋರ್ತಿದೆ, ಇಲ್ಲಾ ಮಧ್ಯದ ಪೈಪು. ಫ್ಲಶ್ ಟ್ಯಾಂಕಿಗೆ ಸ್ವಲ್ಪ ಅರಿಶಿನದ ನೀರು ಹಾಕಿ ಅರ್ಧ ಗಂಟೆ ಬಿಡಿ, ಫ್ಲಶ್ ಮಾಡದೇನೇ ಕೆಳಗೆ ಹಳದಿ ಕಂಡ್ರೆ ಕಳ್ಳ ಸಿಕ್ಕಿಬಿದ್ದ. ನಮ್ಮಲ್ಲಿ ರಾತ್ರಿ ಎದ್ದು ಈ ರೀಡಿಂಗ್ ತಗೊಂಡಿದ್ದು ಯಾರು ಅಂತೀರಾ, ತೆಗೀಬೇಕು ಅಂತಿದ್ದ ಅದೇ ವಾಚ್‌ಮನ್ನು.

ಈಗ ಬೇಕಾಗಿರೋದೆಷ್ಟು ಅಂತ ನೋಡಿ. ತಲೆಗೆ ದಿನಕ್ಕೆ 135 ಲೀಟರ್ ಅನ್ನೋದು ನಗರದ ನೀರಿನ ಮಾಮೂಲಿ ಲೆಕ್ಕ, ಮನೆಗೆ ನಾಲ್ಕು ಜನ ಅಂದ್ರೆ 60 ಮನೆಗೆ 32,400 ಲೀಟರ್, ಹತ್ರ ಹತ್ರ ಮೂರು ಟ್ಯಾಂಕರ್. ಇದಕ್ಕಿಂತ ಜಾಸ್ತಿ ಹೋಗ್ತಿದ್ರೆ ಉಳಿಸೋಕೆ ಜಾಗ ಇದೆ ಅಂತ. ದಿನಕ್ಕೆ ಎರಡು ಗಂಟೆ ಮಾತ್ರ ನೀರು ಬಿಡೋಣ ಅಂತ ಯಾರಾದ್ರೂ ಅಂದೇ ಅಂತಾರೆ, ನಾವೂ ಮಾಡಿ ನೋಡಿದ್ವಿ, ಜನ ಡ್ರಮ್ಮು ಬಕೆಟ್ಟು ಪಾತ್ರೆ ಎಲ್ಲಾ ತುಂಬಿಟ್ಟು ಮಾರನೇ ದಿನ ಹಳೇ ನೀರು ಚೆಲ್ಲಿ ಹೊಸದು ಹಿಡಿಯೋರು. ಅದಕ್ಕಿಂತ ನಲ್ಲಿಗೆ ಏರೇಟರ್, ಅಂದ್ರೆ ನೀರಿಗೆ ಗಾಳಿ ಬೆರೆಸಿ ಹರಿವು ಕಮ್ಮಿ ಮಾಡೋ ಸಣ್ಣ ಜಾಲರಿ, ಹಾಕ್ಸೋದು ವಾಸಿ, ಜಲಮಂಡಳಿನೇ 2024ರಲ್ಲಿ ಕಡ್ಡಾಯ ಮಾಡಿತ್ತು. ಕುಡಿಯೋ ನೀರಲ್ಲಿ ಕಾರ್ ತೊಳೆದ್ರೆ 5,000 ದಂಡ ಅಂತಾನೂ ಅವಾಗ್ಲೇ ಬಂದಿದ್ದು.

ನೀರು ಉಳಿದ್ರೆ ಕರೆಂಟೂ ಉಳಿಯುತ್ತೆ, 5 ಎಚ್‌ಪಿ ಮೋಟರ್ ಗಂಟೆಗೆ ಹೆಚ್ಚುಕಮ್ಮಿ 4 ಯೂನಿಟ್ ತಿನ್ನುತ್ತೆ. ಬೆಸ್ಕಾಂ ಬಿಲ್ಲಲ್ಲಿ ಯೂನಿಟ್ ಒಂದೇ ನೋಡ್ಬೇಡಿ, ಮಂಜೂರಾದ ಲೋಡ್, ಅಂದ್ರೆ ಒಂದೇ ಸಲಕ್ಕೆ ಇಷ್ಟು ಕಿಲೋವ್ಯಾಟ್ ತನಕ ಎಳೀಬಹುದು ಅಂತ ನಿಮಗೆ ಕೊಟ್ಟಿರೋ ಮಿತಿ, ಅದರ ಮೇಲೆ ಫಿಕ್ಸೆಡ್ ಚಾರ್ಜ್ ಬೇರೆ ಇರುತ್ತೆ. ವರ್ಷದ ಬಿಲ್ ಎಲ್ಲಾ ತೆಗೆದು, ಯಾವತ್ತೂ ಮುಟ್ಟದೇ ಇರೋ ಲೋಡಿಗೆ ದುಡ್ಡು ಕಟ್ತಿದೀರಾ ಅಂತ ನೋಡಿ, ಹಂಗಿದ್ರೆ ಲೋಡ್ ಇಳಿಸೋಕೆ ಅರ್ಜಿ ಕೊಡಿ.

ದುಡ್ಡಿನ ವಿಷ್ಯಕ್ಕೆ ಬಂದ್ರೆ, ದೊಡ್ಡ ರಿಪೇರಿಗೆ ಅಂತ ಕೂಡಿಟ್ಟಿರೋ ಕಾರ್ಪಸ್ ಫಂಡ್ ತೆಗೆದು ಟ್ಯಾಂಕರಿಗೆ ಸುರೀಬೇಡಿ, ನಾಳೆ ಲಿಫ್ಟ್ ಕೆಟ್ಟು ನಿಂತ್ರೆ ಯಾರ ಮನೆ ಬಾಗಿಲಿಗೆ ಹೋಗ್ತೀರಾ. ನೀರಿನ ಖರ್ಚನ್ನ ಮೇಂಟೆನೆನ್ಸ್ ಒಳಗೆ ಮುಚ್ಚಿಡದೇ ಬೇರೆ ಸಾಲಲ್ಲೇ ತೋರ್ಸಿ, ಆಗ ಬೈಯೋರೂ ಲೆಕ್ಕ ನೋಡಿ ಬೈತಾರೆ. ಇನ್ನೊಂದು, ಅಸೋಸಿಯೇಷನ್ ವರ್ಷದ ವಹಿವಾಟು 20 ಲಕ್ಷ ದಾಟಿದ್ದು ತಿಂಗಳ ಮೇಂಟೆನೆನ್ಸೂ ಮನೆಗೆ 7,500 ದಾಟ್ತು ಅಂದ್ರೆ 18% ಜಿಎಸ್‌ಟಿ ಬೀಳುತ್ತೆ, ಅದಕ್ಕೆ ಏರಿಸೋ ಮುಂಚೆ ಆಡಿಟರ್‌ನ ಒಂದು ಮಾತು ಕೇಳಿ.

2024ರ ಅಕ್ಟೋಬರಲ್ಲಿ ಬೆಂಗಳೂರಿಗೆ ಕಾವೇರಿ ನೀರು ತರೋ ಯೋಜನೆಯ 5ನೇ ಹಂತ ಶುರುವಾಯ್ತು, ಮಂಡ್ಯ ಜಿಲ್ಲೆ ತೊರೆಕಾಡನಹಳ್ಳಿಯಿಂದ ನೀರು ಏರಿಸಿ ತರ್ತಾರೆ. ಕನೆಕ್ಷನ್ ಇನ್ನೂ ತಗೊಂಡಿಲ್ಲ ಅಂದ್ರೆ ಅದರ ಶುಲ್ಕ ಮುಂದಿನ ಬಜೆಟ್ಟಲ್ಲೇ ಎತ್ತಿಡಿ. ಬಿಟ್ಟಿ ನೀರು ಅಂದ್ರೆ ಮಳೆದೇ. 1 ಚದರ ಮೀಟರ್ ಮೇಲೆ 1 ಮಿ.ಮೀ ಬಿದ್ರೆ 1 ಲೀಟರ್, 500 ಚದರ ಮೀಟರ್ ಟೆರೇಸಿಗೆ ಒಂದು ಜೋರು ಮಳೆ, 30 ಮಿ.ಮೀ ಬಂದ್ರೆ 15,000 ಲೀಟರ್, ಒಂದು ಟ್ಯಾಂಕರಿಗಿಂತ ಜಾಸ್ತಿ. ಮಾರ್ಚಲ್ಲೇ ಟೆರೇಸ್ ಗುಡಿಸಿ, ಪೈಪಲ್ಲಿ ಕೂತಿರೋ ಎಲೆ, ಪಾರಿವಾಳದ ಗಲೀಜು ತೆಗೆಸಿ. ಮೊದಲ ಮಳೆ ಚರಂಡಿಗೇ ಹೋಗ್ಲಿ, ಎರಡನೇದಕ್ಕೆ ಸಂಪಿನ ವಾಲ್ವ್ ತಿರುಗ್ಸಿ.