ಕೆಲಸ ನಗರದಲ್ಲಿ, ಮನೆ ಸಣ್ಣ ಊರಿನಲ್ಲಿ: ನಾವು ಊರು ಹುಡುಕಿದ ಬಗೆ

ನಗರದ ಕೆಲಸ ಬಿಡದೆ, ದಿನವೂ ಹೋಗಿಬರುವಷ್ಟು ದೂರದ ಸಣ್ಣ ಊರಿನಲ್ಲಿ ಮನೆ ಮಾಡಬೇಕೆಂದು ನಾವು ಗಂಡ ಹೆಂಡತಿ ಹುಡುಕಾಟಕ್ಕೆ ಇಳಿದಾಗ ಒಂದು ನಿಯಮ ಇಟ್ಟುಕೊಂಡೆವು. ಇಂಥ ಊರಿನಲ್ಲಿ ಬಾಡಿಗೆ ಕಡಿಮೆ ಎಂದು ಯಾರು ಹೇಳಿದರೂ, ಏಕೆ ಕಡಿಮೆ ಎಂದು ಕೇಳಬೇಕು. ಮನೆ ಗಟ್ಟಿಯಾಗಿದ್ದು, ಗಾಳಿ ಬೆಳಕು ಚೆನ್ನಾಗಿದ್ದು, ಬಾಡಿಗೆ ಮಾತ್ರ ಇಳಿದಿದ್ದರೆ ಅಲ್ಲಿ ಯಾವುದೋ ಒಂದು ತೊಂದರೆ ಇದ್ದೇ ಇರುತ್ತದೆ. ಉಳಿದವರಿಗೆಲ್ಲ ಕಾಡುವ ಆ ತೊಂದರೆ ನಮ್ಮನ್ನು ಕಾಡದಿದ್ದರೆ ಆ ಊರು ನಮಗೆ ನಿಜಕ್ಕೂ ಅಗ್ಗ. ನಮ್ಮನ್ನೂ ಕಾಡುವುದಾದರೆ, ಉಳಿಸಿದ ಬಾಡಿಗೆಯನ್ನು ಇನ್ನೊಂದು ರೂಪದಲ್ಲಿ ದಿನವೂ ತೆರುತ್ತಲೇ ಇರುತ್ತೇವೆ.

ಇದರ ಹಿಂದಿನ ತರ್ಕ ಹಳೆಯದು. ಮಾರುಕಟ್ಟೆಯಿಂದ ದೂರ ಹೋದಂತೆ ಸಾಗಣೆಯ ವೆಚ್ಚ ಏರುತ್ತದೆ, ಆದ್ದರಿಂದ ಭೂಮಿಯ ಗೇಣಿ ಇಳಿಯುತ್ತದೆ ಎಂದು ಜರ್ಮನಿಯ ಅರ್ಥಶಾಸ್ತ್ರಜ್ಞ ಫಾನ್ ಥ್ಯೂನೆನ್ 1826ರಲ್ಲೇ ಬೇಸಾಯದ ಜಮೀನನ್ನು ಇಟ್ಟುಕೊಂಡು ವಿವರಿಸಿದ್ದ. ಅಮೆರಿಕದ ನಗರ ಯೋಜನಾ ತಜ್ಞ ವಿಲಿಯಂ ಅಲೊನ್ಸೊ 1964ರಲ್ಲಿ ಅದೇ ತರ್ಕವನ್ನು ನಗರದ ಮನೆಗಳಿಗೆ ಅನ್ವಯಿಸಿದ. ಅಂದರೆ ದೂರದ ಊರಿನ ಕಡಿಮೆ ಬಾಡಿಗೆಯಲ್ಲಿ ಓಡಾಟದ ಕಷ್ಟವನ್ನು ಮೊದಲೇ ಕಳೆದಿರುತ್ತಾರೆ. ಆ ಕಳೆಯುವಿಕೆ ಸಾಕಷ್ಟಿದೆಯೇ? ಸ್ಟುಟ್ಸರ್ ಮತ್ತು ಫ್ರೈ ಎಂಬ ಅರ್ಥಶಾಸ್ತ್ರಜ್ಞರು ಜರ್ಮನಿಯ ಕುಟುಂಬಗಳ ಸಮೀಕ್ಷೆಯನ್ನು ಪರಿಶೀಲಿಸಿ 2008ರಲ್ಲಿ ಹೇಳಿದ್ದು, ಸಾಲದು ಎಂದೇ. ಕೆಲಸಕ್ಕೆ ಹೆಚ್ಚು ಹೊತ್ತು ಓಡಾಡುವವರಲ್ಲಿ ಬದುಕಿನ ತೃಪ್ತಿ ಕಡಿಮೆ ಇತ್ತು; ಅಗ್ಗದ ಮನೆಯಾಗಲಿ ಒಳ್ಳೆಯ ಸಂಬಳವಾಗಲಿ ಆ ಕೊರತೆಯನ್ನು ಪೂರ್ತಿ ತುಂಬಿರಲಿಲ್ಲ. ಇದನ್ನು ಓದಿದ ಮೇಲೆ ಸರಾಸರಿ ಜನರ ಲೆಕ್ಕವನ್ನು ನಂಬಿ ಊರು ಆರಿಸಬಾರದು ಎನ್ನಿಸಿತು.

ಹಾಗಾಗಿ ಮೊದಲು ನಮ್ಮ ಬದುಕನ್ನೇ ಕಾಗದದ ಮೇಲೆ ಬರೆದೆವು. ನಮಗೆ ಕಾರಿಲ್ಲ, ಕೊಳ್ಳುವ ಆಸೆಯೂ ಇಲ್ಲ. ನನ್ನ ಕೆಲಸ ಉಳಿದವರಿಗಿಂತ ತಡವಾಗಿ ಆರಂಭವಾಗಿ ತಡವಾಗಿ ಮುಗಿಯುತ್ತದೆ. ನನ್ನ ಹೆಂಡತಿ ವಾರದ ಕೆಲವು ದಿನ ಮನೆಯಿಂದಲೇ ಕೆಲಸ ಮಾಡುತ್ತಾಳೆ. ಇವುಗಳಿಂದ ನಮಗೆ ಹೊಂದುವ ಊರಿನ ಚಿತ್ರ ತಾನಾಗಿಯೇ ಮೂಡಿತು. ಹೆದ್ದಾರಿಯಿಂದ ಒಳಗಿರುವ ಊರನ್ನು ಕಾರಿನವರು ಇಷ್ಟಪಡುವುದಿಲ್ಲ. ಅಲ್ಲಿ ರೈಲು ನಿಲ್ದಾಣವಿದ್ದರೆ ನಮಗೆ ಹೆದ್ದಾರಿಯ ಹಂಗಿಲ್ಲ. ಬೆಳಗಿನ ರೈಲು ಕಿಕ್ಕಿರಿದಿರುತ್ತದೆ ಎಂದು ಜನ ದೂರುವ ಊರಾದರೂ, ಆ ನೂಕುನುಗ್ಗಲು ಕರಗಿದ ಮೇಲೆ ಹೊರಡುವ ನನಗೆ ಅದರಿಂದ ತೊಂದರೆಯಿಲ್ಲ. ಹೀಗೆ ಉಳಿದವರು ಬೇಡವೆಂದ ಊರುಗಳೇ ನಮ್ಮ ಪಟ್ಟಿಗೆ ಬಂದವು.

ಆದರೆ ತಡವಾಗಿ ಕೆಲಸ ಮುಗಿಸುವವನಿಗೆ ತಡರಾತ್ರಿಯ ವಾಹನವೇ ಪ್ರಾಣ. ನನ್ನ ಪರೀಕ್ಷೆ ಅಲ್ಲಿಂದಲೇ ಶುರುವಾಗುತ್ತಿತ್ತು. ಬೆಳಗಿನ ವೇಳಾಪಟ್ಟಿಯನ್ನು ಎಲ್ಲರೂ ನೋಡುತ್ತಾರೆ. ನಾನು ಸಂಜೆಯದನ್ನು ಮೊದಲು ನೋಡಿದೆ. ಕೆಲಸ ಬಿಟ್ಟ ಮೇಲೆ ಎಷ್ಟು ರೈಲು, ಎಷ್ಟು ಬಸ್ಸು ಇವೆ? ಕೊನೆಯದು ಎಷ್ಟು ಹೊತ್ತಿಗೆ? ಅದು ತಪ್ಪಿದರೆ ಮನೆ ಸೇರಲು ಬೇರೆ ದಾರಿ ಇದೆಯೇ? ಇದ್ದರೆ ಎಷ್ಟು ಖರ್ಚು? ಕೊನೆಯ ವಾಹನವನ್ನೇ ನೆಚ್ಚಿಕೊಂಡು ಬದುಕಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ನಾವು ಹಿಡಿಯುವ ವಾಹನದ ನಂತರ ಇನ್ನೊಂದಾದರೂ ಇರಬೇಕು. ಇಲ್ಲವಾದರೆ ಕಚೇರಿಯಲ್ಲಿ ಸಂಜೆ ಯಾರಾದರೂ ಮಾತಿಗೆ ನಿಂತರೂ ಎದೆ ಹೊಡೆದುಕೊಳ್ಳುತ್ತದೆ.

ಎಷ್ಟು ಹೊತ್ತಿಗೊಂದು ವಾಹನ ಎಂಬುದು ವೇಗದಷ್ಟೇ ಮುಖ್ಯ. ಹೊತ್ತು ನೋಡದೆ ನಿಲ್ದಾಣಕ್ಕೆ ಹೋದರೆ ಕಾಯುವ ಸಮಯ ಸರಾಸರಿ ಎರಡು ವಾಹನಗಳ ನಡುವಿನ ಅಂತರದ ಅರ್ಧದಷ್ಟು. ಗಂಟೆಗೊಂದು ರೈಲಿರುವ ಊರಿಗೆ ಮೂವತ್ತು ನಿಮಿಷ ಕಾದು ನಲವತ್ತು ನಿಮಿಷ ಪ್ರಯಾಣ ಮಾಡುವುದಕ್ಕಿಂತ, ಹತ್ತು ನಿಮಿಷಕ್ಕೊಂದು ಬಸ್ಸಿರುವ ಊರಿಗೆ ಐದು ನಿಮಿಷ ಕಾದು ಒಂದು ಗಂಟೆ ಕುಳಿತು ಹೋಗುವುದು ಬೇಗ. ಕುಳಿತು ಎಂದು ಬೇಕೆಂದೇ ಬರೆದಿದ್ದೇನೆ. ವಾಹನ ಹೊರಡುವ ಊರಿನಲ್ಲಿ ಹತ್ತುವವನಿಗೆ ಸೀಟು ಸಿಗುತ್ತದೆ, ನಡುವಿನ ಊರಿನವನು ನಿಂತೇ ಹೋಗಬೇಕು. ಆದ್ದರಿಂದ ಒಂದೆರಡು ನಿಲ್ದಾಣ ದೂರವಾದರೂ ರೈಲು ಹೊರಡುವ ಊರಿಗೆ ನಾವು ಹೆಚ್ಚು ಅಂಕ ಕೊಟ್ಟೆವು.

ಸಮಯವನ್ನು ಬಾಗಿಲಿನಿಂದ ಬಾಗಿಲಿಗೆ ಲೆಕ್ಕ ಹಾಕಿದೆವು: ಮನೆಯಿಂದ ನಿಲ್ದಾಣಕ್ಕೆ ನಡಿಗೆ, ಕಾಯುವಿಕೆ, ಪ್ರಯಾಣ, ಇಳಿದ ಮೇಲೆ ಕಚೇರಿಯವರೆಗಿನ ದಾರಿ. ಕೊನೆಯ ತುಣುಕನ್ನು ಬಹಳ ಮಂದಿ ಮರೆಯುತ್ತಾರೆ. ಬಸ್ಸಿನ ಊರುಗಳ ವಿಷಯದಲ್ಲಿ ನಗರದ ಅಂಚಿನಲ್ಲಿ ರಸ್ತೆಗಳು ಕೂಡುವ ಜಾಗವನ್ನೂ ಗಮನಿಸಿದೆವು. ರಸ್ತೆ ತಾಳಬಲ್ಲಷ್ಟು ವಾಹನಗಳು ತುಂಬುತ್ತ ಬಂದಾಗ ಸ್ವಲ್ಪ ವಾಹನ ಹೆಚ್ಚಾದರೂ ವಿಳಂಬ ಬಹಳ ಬೆಳೆಯುತ್ತದೆ. ಹಾಗಾಗಿ ನಕ್ಷೆಯಲ್ಲಿ ಅಕ್ಕಪಕ್ಕ ಕಾಣುವ ಎರಡು ಊರುಗಳಲ್ಲಿ ಒಂದು ಆ ಕೂಡುರಸ್ತೆಗಿಂತ ಈಚೆ, ಇನ್ನೊಂದು ಆಚೆ ಇದ್ದರೆ ಅವುಗಳ ನಡುವೆ ದೊಡ್ಡ ವ್ಯತ್ಯಾಸವಿರುತ್ತದೆ. ಮಳೆ ಸುರಿಯುವ ಸಂಜೆ ಹೋಗಿ ನೋಡಿದರೆ ಅದು ಕಣ್ಣಿಗೇ ಕಾಣುತ್ತದೆ.

ಹಣದ ಲೆಕ್ಕದಲ್ಲಿ ಬಾಡಿಗೆಯನ್ನು ಒಂಟಿಯಾಗಿ ನೋಡಲೇ ಇಲ್ಲ. ಆದಾಯದ ಶೇ 30ರೊಳಗೆ ಮನೆಯ ಖರ್ಚು ಇರಬೇಕೆಂಬ ಮಾತು ರೂಢಿಯಲ್ಲಿದೆ. ಅಮೆರಿಕದ ಸೆಂಟರ್ ಫಾರ್ ನೈಬರ್‌ಹುಡ್ ಟೆಕ್ನಾಲಜಿ ಎಂಬ ಸಂಸ್ಥೆ ಅದಕ್ಕೆ ಓಡಾಟದ ಖರ್ಚನ್ನೂ ಸೇರಿಸಿ, ಎರಡೂ ಕೂಡಿ ಶೇ 45 ದಾಟಬಾರದೆಂಬ ಅಳತೆ ಇಟ್ಟಿದೆ. ಈ ಅಳತೆ ನನಗೆ ಹಿಡಿಸಿತು. ಇದರಲ್ಲಿ ತೂಗಿದಾಗ, ವಾಹನ ಕೊಳ್ಳಲೇಬೇಕಾದ ಊರುಗಳು ಬಾಡಿಗೆ ಎಷ್ಟೇ ಕಡಿಮೆಯಿದ್ದರೂ ಬಿದ್ದುಹೋದವು. ವಾಹನವೆಂದರೆ ಇಂಧನವಷ್ಟೇ ಅಲ್ಲ. ಸಾಲದ ಕಂತು, ವಿಮೆ, ದುರಸ್ತಿ, ವರ್ಷವರ್ಷವೂ ಇಳಿಯುವ ಅದರ ಬೆಲೆ, ಎಲ್ಲವೂ ಆ ಬಾಡಿಗೆಯ ಜೊತೆಗೇ ಬರುತ್ತವೆ.

ಉಳಿದ ಊರುಗಳ ನಿಜಸ್ಥಿತಿ ತಿಳಿದದ್ದು ದಿನವೂ ಓಡಾಡುವವರಿಂದ. ತಿಂಗಳ ಪಾಸು ಇಟ್ಟುಕೊಂಡವರ ಪಕ್ಕ ಕುಳಿತು ವಿಚಾರಿಸಿದರೆ ಯಾವ ರೈಲು ಸದಾ ತಡ, ಬೇಸಿಗೆಯಲ್ಲಿ ಯಾವ ಬಡಾವಣೆಗೆ ನೀರು ಬರುವುದಿಲ್ಲ, ರಾತ್ರಿ ನಿಲ್ದಾಣದಿಂದ ಮನೆಗೆ ಹೆಣ್ಣುಮಕ್ಕಳು ಒಬ್ಬರೇ ನಡೆದು ಹೋಗುತ್ತಾರೆಯೇ, ಎಲ್ಲವನ್ನೂ ಹೇಳುತ್ತಾರೆ. ನಾನು ತಪ್ಪದೆ ಕೇಳುತ್ತಿದ್ದ ಇನ್ನೊಂದು ಪ್ರಶ್ನೆ, ಊರು ಬಿಟ್ಟು ಮತ್ತೆ ನಗರಕ್ಕೆ ಹೋದವರು ಏಕೆ ಹೋದರು ಎಂಬುದು. ಹೆಚ್ಚಾಗಿ ಬಂದ ಉತ್ತರ ಎರಡು: ಮಕ್ಕಳ ಶಾಲೆ, ರಾತ್ರಿ ತೆರೆದಿರುವ ಆಸ್ಪತ್ರೆ. ಹಗಲೆಲ್ಲ ಮನೆಯಲ್ಲಿರುವವರಿಗೆ ಬದುಕು ಸಿಗದ, ಮಲಗಲು ಮಾತ್ರ ಬರುವ ಊರುಗಳನ್ನು ಇದರ ಮೇಲೆಯೇ ಕೈಬಿಟ್ಟೆವು. ನಗರ ಹತ್ತಿರ ಬರುವ ಮೊದಲೂ ತನ್ನ ಕಾಲ ಮೇಲೆ ನಿಂತಿದ್ದ, ಸ್ವಂತ ಸಂತೆ, ಶಾಲೆ, ವೈದ್ಯರು ಇರುವ ಊರನ್ನು ಆರಿಸಿಕೊಂಡೆವು.

ಮನೆ ಕೊಳ್ಳುವಂತೆ ಹತ್ತಿರದವರು ಒತ್ತಾಯಿಸಿದರೂ ಬಾಡಿಗೆಗೇ ಹಿಡಿದೆವು. ಬೇಸಿಗೆಯ ನೀರು, ಮಳೆಗಾಲದ ರಸ್ತೆ, ಚಳಿಗಾಲದ ಕತ್ತಲು ಎಲ್ಲವನ್ನೂ ಆ ಮನೆಯಲ್ಲಿಯೇ ಕಂಡು, ವೇಳಾಪಟ್ಟಿ ಬದಲಾದಾಗ ಸಂಜೆಯ ರೈಲುಗಳು ಉಳಿಯುತ್ತವೆಯೇ ಎಂದು ನೋಡಿ, ಆಮೇಲೆ ಕೊಳ್ಳುವ ಮಾತು ಎಂದು ಅವರಿಗೂ ಹೇಳಿದ್ದೇವೆ.