ನೆಟ್ ಫ್ರಾಕು ಮಳೆಗಾಲ ದಾಟಬೇಕೆಂದರೆ

ಮೊನ್ನೆ ಬೀರುವಿನಿಂದ ಮಗಳ ಬಿಳಿ ನೆಟ್ ಫ್ರಾಕು ತೆಗೆದೆ. ಸೊಂಟದ ಪಟ್ಟಿಯ ಕೆಳಗೆಲ್ಲ ಬೂದು ಚುಕ್ಕಿ. ಬೂಷ್ಟು! ಚಿಕ್ಕಮಗಳೂರಿನ ಮಳೆಗಾಲ ಕಂಡವರಿಗೆ ಇದು ಹೊಸದಲ್ಲ. ಆದರೂ ಎರಡೇ ಸಲ ಹಾಕಿದ ಬಟ್ಟೆ, ಹೊಟ್ಟೆ ಉರಿಯದೆ ಇರುತ್ತಾ?

ತಪ್ಪು ನನ್ನದೇ. ಎರಡೇ ಗಂಟೆ ಹಾಕಿದ್ದು ಅಂತ ಒಗೆಯದೆ ಮಡಿಸಿಟ್ಟಿದ್ದೆ. ಬೂಷ್ಟು ಬೆಳೆಯುವುದು ಬಟ್ಟೆಯಲ್ಲಿ ಉಳಿದ ಬೆವರು, ಗಂಜಿ, ಒಳಗಿನ ಹತ್ತಿ ಲೈನಿಂಗಿನ ಮೇಲೆ. ಹಾಗಾಗಿ ಒಂದೇ ಸಲ ಹಾಕಿದ್ದರೂ ಒಗೆದೇ ಎತ್ತಿಡಿ.

ಅಂಗಡಿಯಲ್ಲಿ ನೆಟ್ ಎನ್ನುವ ಈ ನಯವಾದ ಬಟ್ಟೆಯ ಹೆಸರು ಟ್ಯೂಲ್. ಫ್ರಾನ್ಸಿನ ಟ್ಯೂಲ್ ಎಂಬ ಊರಿನಿಂದ ಬಂದ ಹೆಸರು. ಕಿಟಕಿಯ ಬೆಳಕಿಗೆ ಹಿಡಿದರೆ ಜೇನುಗೂಡಿನ ಹಾಗೆ ಆರು ಮೂಲೆಯ ಸಣ್ಣ ಕಣ್ಣುಗಳು ಕಾಣುತ್ತವೆ. ಹಿಂದೆ ರೇಷ್ಮೆಯಲ್ಲಿ ಮಾಡುತ್ತಿದ್ದರು, ಈಗ ಬಹುಪಾಲು ನೈಲಾನ್, ಪಾಲಿಯೆಸ್ಟರ್.

ಮೊದಲು ನಿಮ್ಮ ಉಂಗುರ, ಬಳೆ ತೆಗೆದಿಡಿ. ಫ್ರಾಕಿನ ಹುಕ್ಕು, ಝಿಪ್ ಹಾಕಿ. ಬಣ್ಣದ್ದಾದರೆ ಒದ್ದೆ ಬಿಳಿ ಬಟ್ಟೆಯನ್ನು ಒಳಅಂಚಿಗೆ ಒತ್ತಿ, ಬಣ್ಣ ಬಿಡುತ್ತಾ ನೋಡಿ. ಅಂಟಿನಿಂದ ಕೂರಿಸಿದ ಹರಳುಗಳಿದ್ದರೆ ನೆನೆಸಲೇಬೇಡಿ, ಒದ್ದೆ ಸ್ಪಾಂಜಿನಿಂದ ಒರೆಸಿದರೆ ಸಾಕು.

ಕಲೆಗಳಿಗೆ ಸ್ವಲ್ಪ ಸಮಯ ಕೊಡಿ. ನಮ್ಮ ಕಡೆ ಕಾಫಿ ಚೆಲ್ಲದ ಮದುವೆಯಿಲ್ಲ, ಅಲ್ವಾ? ಕೂಡಲೇ ಹಿಂಬದಿಯಿಂದ ತಣ್ಣೀರು ಹಾಯಿಸಿ. ಬಿಸಿನೀರು ತಾಗಿಸಿದರೆ ಕಾಫಿಯಲ್ಲಿರುವ ಹಾಲು ಅಲ್ಲೇ ಕಚ್ಚಿಕೊಳ್ಳುತ್ತದೆ. ಕೆಮ್ಮಣ್ಣು ಮಾತ್ರ ಪೂರ್ತಿ ಒಣಗಲಿ, ಆಮೇಲೆ ಮೆತ್ತನೆ ಬ್ರಷ್‌ನಿಂದ ಕೊಡವಿ. ಎಣ್ಣೆ ಬಿದ್ದರೆ ಟಾಲ್ಕಂ ಪೌಡರ್ ಉದುರಿಸಿ ಅರ್ಧ ಗಂಟೆ ಬಿಡಿ. ಅರಿಶಿನಕ್ಕೆ ಸೋಪು ತಾಗಿ ಕೆಂಪಾದರೆ ಹೆದರಬೇಡಿ, ನೀರಲ್ಲಿ ಜಾಲಿಸಿದರೆ ಮತ್ತೆ ಹಳದಿಯಾಗುತ್ತದೆ. ಬಿಳಿ ಬಟ್ಟೆಗೆ ಕ್ಲೋರಿನ್ ಬ್ಲೀಚ್ ಬೇಡವೇ ಬೇಡ. ನೈಲಾನ್ ಬೆಳ್ಳಗಾಗುವ ಬದಲು ಹಳದಿ ತಿರುಗುತ್ತದೆ.

ಅಗಲವಾದ ಟಬ್ಬಿನಲ್ಲಿ ಅರ್ಧ ಬಕೆಟ್ ತಣ್ಣೀರು ಹಾಕಿ, ಒಂದು ಸಣ್ಣ ಚಮಚ ಲಿಕ್ವಿಡ್ ಸೋಪು ಕದಡಿ. ಆಮೇಲೆ ಬಟ್ಟೆ ಇಳಿಸಿ. ಅಂಗೈಯಿಂದ ಮೆಲ್ಲಗೆ ಒತ್ತಿ, ಬಿಡಿ. ಹತ್ತು ನಿಮಿಷ ಸಾಕು. ಉಜ್ಜುವುದು, ಕುಕ್ಕುವುದು, ಹಿಂಡುವುದು ಯಾವುದೂ ಬೇಡ. ಎತ್ತುವಾಗ ಭುಜ ಹಿಡಿದು ಎಳೆದರೆ ಒದ್ದೆ ಲೈನಿಂಗಿನ ಭಾರಕ್ಕೆ ನೆಟ್ ಹರಿಯುತ್ತದೆ. ಕೂಸನ್ನು ನೀರಿನಿಂದ ಎತ್ತುವ ಹಾಗೆ ಕೆಳಗೆ ಎರಡೂ ಕೈ ಕೊಡಿ. ನೊರೆ ಹೋಗುವ ತನಕ ನೀರು ಬದಲಿಸಿ ಜಾಲಿಸಿ.

ದಪ್ಪ ಟವೆಲ್ ಮೇಲೆ ಹರಡಿ, ಚಾಪೆಯಂತೆ ಸುತ್ತಿ ಒತ್ತಿದರೆ ನೀರು ಇಳಿಯುತ್ತದೆ. ನೆರಳಲ್ಲಿ ಮಟ್ಟಸವಾಗಿ ಒಣಹಾಕಿ. ಮಳೆಗಾಲದಲ್ಲಿ ಒಲೆಯ ಮೇಲಿನ ಹಗ್ಗಕ್ಕೆ ಹಾಕುವ ಅಭ್ಯಾಸ ನಮ್ಮಲ್ಲಿದೆ. ಇದನ್ನು ಮಾತ್ರ ಅಲ್ಲಿ ಹಾಕಬೇಡಿ. ಹೊಗೆ ವಾಸನೆ ಹೋಗುವುದಿಲ್ಲ, ಒಂದು ಕಿಡಿ ಹಾರಿದರೆ ತೂತು. ಫ್ಯಾನ್ ಕೆಳಗೇ ಒಣಗಲಿ. ನೆಟ್ ಬೇಗ ಒಣಗುತ್ತದೆ, ಲೈನಿಂಗಿನ ಹೊಲಿಗೆಯಲ್ಲಿ ತೇವ ಉಳಿಯುತ್ತದೆ. ಅಲ್ಲಿ ಬೆರಳಿಟ್ಟು ನೋಡಿ.

ಇಸ್ತ್ರಿಯ ಪಾಠ ನಾನು ಕಷ್ಟಪಟ್ಟೇ ಕಲಿತಿದ್ದು. ಒಮ್ಮೆ ಇಸ್ತ್ರಿಗೆ ಕೊಟ್ಟ ದುಪ್ಪಟ್ಟ ವಾಪಸ್ ಬಂದಾಗ ನಡುವೆ ರೂಪಾಯಿ ನಾಣ್ಯದಷ್ಟು ತೂತು. ಅಂಚು ಕರಗಿ, ಗಟ್ಟಿಯಾಗಿ, ಬೆರಳಿಗೆ ಚುಚ್ಚುತ್ತಿತ್ತು. ಈಗ ಬಚ್ಚಲುಮನೆಯಲ್ಲಿ ಹಂಡೆನೀರು ಸ್ನಾನ ಮುಗಿದ ಕೂಡಲೇ ಹ್ಯಾಂಗರಿಗೆ ಹಾಕಿ, ಬಾಗಿಲು ಮುಚ್ಚಿ ಕಾಲು ಗಂಟೆ ಬಿಡುತ್ತೇನೆ. ಹಬೆಗೆ ಸುಕ್ಕೆಲ್ಲ ಬಿಡುತ್ತದೆ. ಆಮೇಲೆ ಮತ್ತೆ ಫ್ಯಾನ್ ಗಾಳಿ.

ಸಣ್ಣ ತೂತಿಗೆ ಗಾಬರಿ ಬೇಡ. ಸ್ವೆಟರಿನ ಹಾಗೆ ಇದು ಬಿಚ್ಚಿಕೊಂಡು ಹೋಗುವುದಿಲ್ಲ. ಸಪೂರ ಸೂಜಿ, ಅದೇ ಬಣ್ಣದ ಒಂಟಿ ಎಳೆ ತಗೊಂಡು ಸುತ್ತಲಿನ ಕಣ್ಣುಗಳನ್ನು ಮೆಲ್ಲಗೆ ಹತ್ತಿರ ತನ್ನಿ.

ಎತ್ತಿಡುವಾಗ ಗಂಜಿ ಬೇಡ. ನಿರಿಗೆ ನಿಲ್ಲಬೇಕಿದ್ದರೆ ಹಾಕುವ ಹಿಂದಿನ ದಿನ ತೆಳು ಸಬ್ಬಕ್ಕಿ ಗಂಜಿ ಚಿಮುಕಿಸಿ. ಪ್ಲಾಸ್ಟಿಕ್ ಕವರ್ ತೇವ ಹಿಡಿದಿಡುತ್ತದೆ, ಅದರ ಬದಲು ಹಳೇ ಹತ್ತಿ ಪಂಚೆಯಲ್ಲಿ ಸಡಿಲವಾಗಿ ಸುತ್ತಿ. ಜುಲೈ, ಆಗಸ್ಟಲ್ಲಿ ಹೊಳವಾದ ದಿನ ಸಿಕ್ಕರೆ ಹೊರಗೆ ತೆಗೆದು, ನೆರಳಲ್ಲೇ ಒಂದು ಗಂಟೆ ಗಾಳಿಗೆ ಹಾಕಿ.